ಮೊದಲು ಸೈಕಲ್ ಸ್ಟ್ಯಾಂಡಿನವರನ್ನು ಕೇಳಿ

ಬೆಂಗಳೂರಿನ ಸ್ಯಾಂಕಿ ರಸ್ತೆಯ ಕಾವೇರಿ ಚಿತ್ರಮಂದಿರ 2024ರಲ್ಲಿ ಮುಚ್ಚಿತು. ರಾಜ್‌ಕುಮಾರ್ ಅವರ ‘ಬಂಗಾರದ ಪಂಜರ’ದೊಂದಿಗೆ 1974ರಲ್ಲಿ ಬಾಗಿಲು ತೆರೆದದ್ದು, ಸಾವಿರಕ್ಕೂ ಹೆಚ್ಚು ಸೀಟು, ಐವತ್ತು ವರ್ಷದ ಬಾಳು. ಒಂದು ಕಡೆ ಸದಾಶಿವನಗರದ ಬಂಗಲೆಗಳು, ಇನ್ನೊಂದು ಕಡೆ ನಮ್ಮ ಗುಟ್ಟಹಳ್ಳಿಯ ಗಲ್ಲಿಗಳು. ಕಾರಿನವರು ಬಾಲ್ಕನಿಗೆ, ನಾವು ಗಾಂಧಿ ಕ್ಲಾಸಿಗೆ. ಮುಚ್ಚಿದ ಸುದ್ದಿ ಬಂದ ಮೇಲೆ, ಇಂಥ ಬಡಾವಣೆ ಟಾಕೀಸುಗಳ ಕಥೆಯನ್ನು ಬರೆದಿಡೋಣ ಎಂದು ನೋಟ್‌ಬುಕ್ ಹಿಡಿದು ಹೊರಟೆ.

ಕೇಳಿದವರೆಲ್ಲ ಹೇಳಿದ್ದು ಒಂದೇ: ಕಟೌಟು, ಹೂವಿನ ಹಾರ, ಶಿಳ್ಳೆ, ತೆರೆಗೆ ತೂರಿದ ಚಿಲ್ಲರೆ ಕಾಸು. ಯಾವ ಸಿನಿಮಾದ ಹೆಸರೆತ್ತಿದರೂ ಅದು ಇಪ್ಪತ್ತೈದು ವಾರ ಓಡಿದ್ದೇ. ನೆನಪಿನಲ್ಲಿ ಸೋತ ಸಿನಿಮಾ ಒಂದೂ ಇಲ್ಲ! ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಜಾಹೀರಾತುಗಳ ಅಡಿಯ ಸಣ್ಣ ಅಕ್ಷರಗಳನ್ನು ಓದಿದರೆ ಬೇರೆಯದೇ ಲೆಕ್ಕ ಸಿಗುತ್ತದೆ. ದೊಡ್ಡ ಟಾಕೀಸಿನಿಂದ ಸಣ್ಣದಕ್ಕೆ ಶಿಫ್ಟ್ ಆದ ಚಿತ್ರಕ್ಕೂ ವಾರಗಳ ಎಣಿಕೆ ಮುಂದುವರಿಯುತ್ತಿತ್ತು. ದಿನಕ್ಕೆ ನಾಲ್ಕು ಆಟ ಇದ್ದದ್ದು ಬರೀ ಮಾರ್ನಿಂಗ್ ಶೋಗೆ ಇಳಿದಿದ್ದರೂ ಪೋಸ್ಟರಿನ ಮೇಲೆ ಶತದಿನೋತ್ಸವವೇ. ಸುಳ್ಳೆನ್ನುವಂತಿಲ್ಲ, ಸಂಭ್ರಮದ ಲೆಕ್ಕ ಅಷ್ಟೇ.

ದಿಟವಾದ ಲೆಕ್ಕ ಕೊಟ್ಟವರು ಬೇರೊಂದು ಬಡಾವಣೆಯ ಟಾಕೀಸಿನಲ್ಲಿ ಸೈಕಲ್ ಸ್ಟ್ಯಾಂಡ್ ಗುತ್ತಿಗೆ ಹಿಡಿದಿದ್ದ ಹಿರಿಯರೊಬ್ಬರು. ಅವರು ಪರದೆಯನ್ನು ನೋಡಿದ್ದೇ ಕಡಿಮೆ. ಟೋಕನ್‌ನ ಅರ್ಧ ಹ್ಯಾಂಡಲ್‌ಗೆ, ಅರ್ಧ ಗಿರಾಕಿ ಕೈಗೆ. “ಇಂಟರ್ವಲ್‌ನಲ್ಲೇ ಸೈಕಲ್ ಕೇಳೋಕೆ ಬಂದ್ರೆ ಪಿಕ್ಚರ್ ಮಲಗ್ತು ಅಂತ್ಲೇ ಸಾರ್. ಫಸ್ಟ್ ಡೇ ಮ್ಯಾಟ್ನೀಲೇ ನಮಗೆ ಗೊತ್ತಾಗೋದು, ಪ್ರೊಡ್ಯೂಸರ್‌ಗೆ ಸೋಮವಾರ ಗೊತ್ತಾಗೋದು” ಅಂದರು. ಸೈಕಲ್ ಕಡಿಮೆಯಾಗಿ ಲೂನಾ ಬಂದದ್ದು, ಆಮೇಲೆ ಸ್ಟ್ಯಾಂಡಿನ ಜಾಗ ಬೈಕುಗಳಿಗೆ ಸಾಲದೆ ಹೋದದ್ದು, ಎಲ್ಲ ಅವರ ಬಾಯಲ್ಲಿ ಸಾಲಾಗಿ ಬಂತು. ಒಂದು ಬಡಾವಣೆಯ ಚರಿತ್ರೆಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಯಾರು?

ಅಲ್ಲಿಂದಾಚೆಗೆ ನಾನು ಪ್ರಶ್ನೆಯನ್ನೇ ಬದಲಿಸಿದೆ. ‘ಆ ಕಾಲ ಹೇಗಿತ್ತು’ ಅಂತ ಕೇಳಿದರೆ ಭಾಷಣ ಬರುತ್ತದೆ. ‘ಸಂಬಳ ಎಷ್ಟು, ಗೇಟು ತೆಗೀತಿದ್ದವರು ಯಾರು, ಟಿಕೆಟ್ ತಂದವರು ಯಾರು’ ಅಂತ ಕೇಳಿದರೆ ಕಥೆ ಬರುತ್ತದೆ. ನಮ್ಮ ಚಿಕ್ಕಮ್ಮ ನೆನಪಿಸಿಕೊಂಡದ್ದು ಹೆಂಗಸರ ಕ್ಯೂ. ಅದು ಬೇಗ ಸಾಗುತ್ತದೆಂದು ಗುರುತು ಪರಿಚಯವಿಲ್ಲದ ಗಂಡಸರೆಲ್ಲ “ಅಕ್ಕಾ, ಎರಡು ಟಿಕೆಟ್” ಎಂದು ದುಡ್ಡು ಚಾಚುತ್ತಿದ್ದರಂತೆ. ಚಿಕ್ಕಮ್ಮ ಬೈದು ಕಳಿಸಿದ್ದೇ ಹೆಚ್ಚು.

ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರೊಬ್ಬರು ಒಂದು ಮಧ್ಯಾಹ್ನವಿಡೀ ಕ್ಯಾಬಿನ್ನಿನ ಕೆಲಸ ವಿವರಿಸಿದರು. ಎರಡು ಮೆಷಿನ್ನು, ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಸಿದ್ಧವಿರಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗಿದರೆ ಎರಡನೆಯ ಮೋಟರ್ ಹಾಕಬೇಕು; ಕೆಲವೇ ಸೆಕೆಂಡಿಗೆ ಮತ್ತೊಂದು ಚುಕ್ಕೆ ಬಂದಾಗ ಬದಲಾಯಿಸಬೇಕು. 35 ಎಂ.ಎಂ. ಫಿಲ್ಮು ಓಡುವುದು ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಸಿನಿಮಾ ಎಂದರೆ 13,500 ಅಡಿ. ಬೆಳಕಿಗೆ ಕಾರ್ಬನ್ ಕಡ್ಡಿಗಳು. ಉರಿದಂತೆ ಸವೆಯುತ್ತವೆ, ನಡುವಿನ ಅಂತರ ಸರಿಪಡಿಸುತ್ತಲೇ ಇರಬೇಕು, ಮರೆತರೆ ಪರದೆ ಮಂಕು. ಕೆಳಗಿಂದ ಬೈಗುಳದ ಸುರಿಮಳೆ. ಆಮೇಲೆ ಕ್ಸೆನಾನ್ ದೀಪ ಬಂತು, ಕೊನೆಗೆ ಡಿಜಿಟಲ್. “ಆಮೇಲೆ ನಾನು ಬರೀ ಸ್ವಿಚ್ ಒತ್ತೋನು” ಎಂದು ನಕ್ಕರು.

ಟಾಕೀಸು ಯಾಕೆ ಮುಚ್ಚಿತು ಎಂದರೆ ಎಲ್ಲರೂ ಮೊಬೈಲಿನತ್ತ ಬೆರಳು ತೋರಿಸುತ್ತಾರೆ. 2010ರಲ್ಲಿ ಮಲ್ಲೇಶ್ವರದಲ್ಲಿ ಮಂತ್ರಿ ಮಾಲ್ ಶುರುವಾಯಿತು, 2020ರಲ್ಲಿ ಲಾಕ್‌ಡೌನ್ ಬಂತು, ಅವೂ ಸೇರಿಕೊಂಡವು ನಿಜ. ನನಗೆ ಕಂಡದ್ದು ಬಾಡಿಗೆಯ ಗಣಿತ. ನಮ್ಮ ಸಿಂಗಲ್ ಸ್ಕ್ರೀನ್‌ಗಳಲ್ಲಿ ಬಹುಕಾಲ ನಡೆದದ್ದು ವಾರದ ಬಾಡಿಗೆ ಪದ್ಧತಿ. ನಿರ್ಮಾಪಕರೋ ವಿತರಕರೋ ವಾರಕ್ಕಿಷ್ಟೆಂದು ಕಟ್ಟಬೇಕು. ಲಾಭನಷ್ಟ ಅವರ ಹಣೆಬರಹ. ಮಲ್ಟಿಪ್ಲೆಕ್ಸಿನಲ್ಲಾದರೆ ಗಳಿಕೆಯಲ್ಲಿ ಶೇಕಡಾವಾರು ಪಾಲು. ಮೊದಲ ವಾರಕ್ಕೇ ಜನ ಬರದಿದ್ದರೆ ಎರಡನೇ ವಾರದ ಬಾಡಿಗೆ ಯಾರು ಕಟ್ಟುತ್ತಾರೆ? ಇತ್ತ ನೆಲದ ಬೆಲೆ ಮಾತ್ರ ಏರುತ್ತಲೇ ಹೋಯಿತು. ಸದಾಶಿವನಗರದ ಅಂಚಿನ ಅಷ್ಟಗಲ ನಿವೇಶನದ ಮುಂದೆ ಸಿನಿಮಾ ಬಾಡಿಗೆ ಯಾವ ಲೆಕ್ಕ? ಮಾಲೀಕರನ್ನು ಬೈಯುವವರು ಒಮ್ಮೆ ಆ ಜಾಗದಲ್ಲಿ ನಿಂತು ಯೋಚಿಸಲಿ.

ಈಗ ನಾನು ಬೆನ್ನು ಹತ್ತಿರುವುದು ಡಿ.ಸಿ.ಆರ್. ಕಾಗದಗಳನ್ನು. ಡೈಲಿ ಕಲೆಕ್ಷನ್ ರಿಪೋರ್ಟ್: ಪ್ರತಿ ಆಟಕ್ಕೆ ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟ್ ಹೋಯಿತು, ತೆರಿಗೆ ಎಷ್ಟು, ಉಳಿದದ್ದೆಷ್ಟು ಎಂಬ ಪಟ್ಟಿ. ಟಾಕೀಸುಗಳಲ್ಲಿದ್ದ ಪ್ರತಿಗಳು ಬಹುಪಾಲು ರದ್ದಿಗೆ ಹೋಗಿವೆ. ಆದರೆ ವಿತರಕರು ಲೆಕ್ಕ ನೋಡಲು ಕಳಿಸುತ್ತಿದ್ದ ಪ್ರತಿನಿಧಿಗಳು ಇದ್ದರಲ್ಲ, ಅವರ ಮನೆಗಳಲ್ಲಿ ಇನ್ನೂ ಇರಬಹುದು. ಗಾಂಧಿನಗರದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಅಟ್ಟದ ಮೇಲೆ ಒಂದು ಟ್ರಂಕು ಇದೆ ಎಂದಿದ್ದಾರೆ. ಮಗ ಊರಿಂದ ಬಂದ ಮೇಲೆ ಇಳಿಸಿಕೊಡುತ್ತಾರಂತೆ. ವಾರಕ್ಕೊಮ್ಮೆ ಫೋನ್ ಮಾಡಿ ಮಗನ ಯೋಗಕ್ಷೇಮ ವಿಚಾರಿಸುತ್ತಿದ್ದೇನೆ.