ಹಿಡಿಯದ ಮೂರನೆಯ ಸ್ಟ್ರೈಕ್: ಒಂದು ಆಟದ ನಿಯಮವನ್ನು ಓದಿಸುವ ಬಗೆ

ಆಟದ ನಿಯಮವೂ ಒಂದು ಪಠ್ಯವೇ. ಅದನ್ನು ತಪ್ಪಾಗಿ ಓದಿದರೆ ಅಂಕ ಕಳೆಯುವುದಿಲ್ಲ. ಒಂದು ಮಗು ಅನ್ಯಾಯವಾಗಿ ಔಟಾಗುತ್ತದೆ. ಅಂತರಶಾಲಾ ಸಾಫ್ಟ್‌ಬಾಲ್ ಪಂದ್ಯಗಳಲ್ಲಿ ಅಂಪೈರ್ ಇಂಗ್ಲಿಷಿನಲ್ಲಿಯೋ ರಾಜ್ಯಭಾಷೆಯಲ್ಲಿಯೋ ತೀರ್ಪು ಕೂಗುತ್ತಾರೆ. ಕನ್ನಡ ಮಾಧ್ಯಮದ ಬಾಲಕಿ ಕಾರಣವನ್ನು ಕೇಳಲು ಮಾತು ಸಾಲದೆ ಅಂಗಳದಿಂದ ಹೊರಬರುತ್ತಾಳೆ. ಕಾರಣವನ್ನು ಅವಳ ಭಾಷೆಯಲ್ಲಿ ಮೊದಲೇ ತಿಳಿಸಿಕೊಡುವುದು ನಮ್ಮ ಕೆಲಸ. ಉದಾಹರಣೆಗೆ ಫಾಸ್ಟ್‌ಪಿಚ್ ಸಾಫ್ಟ್‌ಬಾಲಿನ ಒಂದು ತೊಡಕಿನ ನಿಯಮವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಮೂರು ಸ್ಟ್ರೈಕ್ ಆದೊಡನೆ ಬ್ಯಾಟರ್ ಔಟ್ ಎಂಬುದು ಮಕ್ಕಳ ತಿಳಿವಳಿಕೆ. ನಮ್ಮಲ್ಲಿ ಹಲವರದ್ದೂ ಅಷ್ಟೇ. ಆದರೆ ಮೂರನೆಯ ಸ್ಟ್ರೈಕಿನ ಚೆಂಡನ್ನು ಕ್ಯಾಚರ್ ನೆಲಕ್ಕೆ ತಾಗುವ ಮೊದಲೇ ಹಿಡಿಯದಿದ್ದರೆ ಬ್ಯಾಟರ್‌ಗೆ ಅರುವತ್ತು ಅಡಿ ದೂರದ ಮೊದಲ ಬೇಸಿಗೆ ಓಡುವ ಹಕ್ಕು ದೊರೆಯಬಹುದು. ಆಗ ಅವಳ ಹೆಸರು ‘ಬ್ಯಾಟರ್-ರನ್ನರ್’. ಅವಳನ್ನು ಚೆಂಡಿನಿಂದ ಮುಟ್ಟಿ, ಇಲ್ಲವೇ ಅವಳಿಗಿಂತ ಮೊದಲು ಚೆಂಡನ್ನು ಮೊದಲ ಬೇಸಿಗೆ ತಲುಪಿಸಿ ಔಟ್ ಮಾಡಬೇಕು. ಆಡುಮಾತಿನಲ್ಲಿ ಇದನ್ನು ‘ಡ್ರಾಪ್ಡ್ ಥರ್ಡ್ ಸ್ಟ್ರೈಕ್’ ಎನ್ನುತ್ತಾರೆ. ‘ಕೈಬಿಟ್ಟ’ ಎಂದು ಅನುವಾದಿಸಿದರೆ ಮಕ್ಕಳು ದಾರಿತಪ್ಪುತ್ತಾರೆ, ಏಕೆಂದರೆ ನೆಲಕ್ಕೆ ಪುಟಿದು ಕ್ಯಾಚರ್‌ನ ಕೈಸೇರಿದ ಚೆಂಡೂ ಈ ನಿಯಮಕ್ಕೆ ಒಳಪಡುತ್ತದೆ. ‘ಹಿಡಿಯದ’ ಎಂಬುದೇ ಸರಿಯಾದ ಪದ.

ಈ ಹಕ್ಕಿಗೆ ಷರತ್ತುಂಟು. ಮೊದಲ ಬೇಸ್ ಖಾಲಿ ಇರಬೇಕು, ಅಥವಾ ಇಬ್ಬರು ಔಟಾಗಿರಬೇಕು. ಏಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮೊದಲ ಬೇಸಿನಲ್ಲಿ ಓಟಗಾರ್ತಿ ಇರುವಾಗಲೂ ಬ್ಯಾಟರ್ ಓಡಬೇಕಾದರೆ ಅವಳು ಜಾಗ ಬಿಟ್ಟು ಎರಡನೆಯ ಬೇಸಿಗೆ ಓಡಲೇಬೇಕು. ಜಾಣ ಕ್ಯಾಚರ್ ಬೇಕೆಂದೇ ಚೆಂಡನ್ನು ಕೈಬಿಟ್ಟು ಇಬ್ಬರನ್ನೂ ಸುಲಭವಾಗಿ ಔಟ್ ಮಾಡಿಸಿಯಾಳು. ಇಬ್ಬರು ಈಗಾಗಲೇ ಔಟಾಗಿದ್ದರೆ ಇನ್ನೊಬ್ಬಳು ಔಟಾದರೆ ಸಾಕು. ಆ ಕುತಂತ್ರಕ್ಕೆ ಅರ್ಥವಿಲ್ಲ. ಕಾರಣ ತಿಳಿದ ಮಗು ಷರತ್ತನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಇನ್ನು ಅಡ್ಡಿಯ ಪ್ರಶ್ನೆ. ಸಾಫ್ಟ್‌ಬಾಲಿನಲ್ಲಿ ‘ಇಂಟರ್‌ಫಿಯರೆನ್ಸ್’ ಬ್ಯಾಟಿಂಗ್ ತಂಡದಿಂದ ಆಗುವಂಥದು; ‘ಅಬ್‌ಸ್ಟ್ರಕ್ಷನ್’ ಕ್ಷೇತ್ರರಕ್ಷಣೆಯ ತಂಡದಿಂದ. ಎರಡನ್ನೂ ‘ಅಡ್ಡಿ’ ಎಂದು ಕರೆದರೆ ತಪ್ಪು ಯಾರದೆಂಬುದೇ ಅಳಿಸಿಹೋಗುತ್ತದೆ. ತರಗತಿಯಲ್ಲಿ ಮೊದಲನೆಯದಕ್ಕೆ ‘ಅಡ್ಡಿ’, ಎರಡನೆಯದಕ್ಕೆ ‘ತಡೆ’ ಎಂದು ನಾನು ಬಳಸುತ್ತೇನೆ. ತಾವು ಬೇರೆ ಪದ ಆರಿಸಿಕೊಂಡರೂ ಚಿಂತೆಯಿಲ್ಲ, ಎರಡು ಪದಗಳಿರಲಿ.

ಹಿಡಿಯದ ಚೆಂಡು ಹೋಮ್ ಪ್ಲೇಟಿನ ಬಳಿ ಉರುಳುತ್ತಿದೆ. ಓಡಹೊರಟ ಬ್ಯಾಟರ್-ರನ್ನರ್ ಅದನ್ನು ಎತ್ತಿಕೊಳ್ಳಲು ಬಾಗಿದ ಕ್ಯಾಚರ್‌ಗೆ ಡಿಕ್ಕಿಹೊಡೆದು ಆಟವನ್ನು ಕೆಡಿಸುತ್ತಾಳೆ. ಚೆಂಡು ಆ ಕ್ಷಣವೇ ‘ಡೆಡ್’, ಅವಳು ಔಟ್, ಉಳಿದ ಓಟಗಾರ್ತಿಯರು ಹಿಂದಿನ ಬೇಸಿಗೆ ಮರಳಬೇಕು. “ಬೇಕೆಂದು ಮಾಡಲಿಲ್ಲ ಟೀಚರ್” ಎಂಬ ಮಾತು ಇಲ್ಲಿ ನಡೆಯದು. ಯುಎಸ್‌ಎ ಸಾಫ್ಟ್‌ಬಾಲ್ ಸಂಸ್ಥೆಯ ನಿಯಮ ಈ ಸಂದರ್ಭದಲ್ಲಿ ಉದ್ದೇಶವನ್ನು ಕೇಳುವುದಿಲ್ಲ, ಪರಿಣಾಮವನ್ನು ಕೇಳುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ತಪ್ಪಿಗೆ ಉದ್ದೇಶ ಬೇಕೆಂದು ನಾವೇ ಕಲಿಸಿರುತ್ತೇವೆ.

ಓಟದ ದ್ವಿತೀಯಾರ್ಧದಲ್ಲಿ ಮೂರಡಿ ಅಗಲದ ಪಟ್ಟೆಯೊಂದನ್ನು ಸುಣ್ಣದಲ್ಲಿ ಎಳೆದಿರುತ್ತಾರೆ. ಅದರ ಹೊರಗೆ ಓಡಿದ ಮಾತ್ರಕ್ಕೆ ಔಟಲ್ಲ. ಹೊರಗೆ ಓಡಿ, ಮೊದಲ ಬೇಸಿನಲ್ಲಿ ಎಸೆತ ಹಿಡಿಯುವವಳಿಗೆ ಅಡ್ಡಿಯಾದರೆ ಔಟ್. ಈ ‘ಮತ್ತು’ ಎಂಬ ಸಂಬಂಧವನ್ನು ಕಪ್ಪುಹಲಗೆಯ ಮೇಲೆ ಅಡಿಗೆರೆ ಎಳೆದು ತೋರಿಸಿರಿ.

ಚಟುವಟಿಕೆ: ಅಂಗಳದಲ್ಲಿ ಸುಣ್ಣದಿಂದ ನಾಲ್ಕು ಬೇಸ್ ಗುರುತಿಸಿ, ಈ ಸನ್ನಿವೇಶವನ್ನು ನಿಧಾನವಾಗಿ ಓದಿಹೇಳಿ, ಮಕ್ಕಳಿಂದ ಅಭಿನಯಿಸಿರಿ. ಒಬ್ಬಳು ಔಟಾಗಿದ್ದಾಳೆ. ಮೊದಲ ಬೇಸಿನಲ್ಲಿ ಓಟಗಾರ್ತಿ ಇದ್ದಾಳೆ. ಮೂರನೆಯ ಸ್ಟ್ರೈಕ್ ಕ್ಯಾಚರ್‌ನ ಕೈಯಿಂದ ಜಾರುತ್ತದೆ, ಬ್ಯಾಟರ್ ಓಡುತ್ತಾಳೆ, ಗಲಿಬಿಲಿಗೊಂಡ ಕ್ಯಾಚರ್ ಮೊದಲ ಬೇಸಿಗೆ ಎಸೆದ ಚೆಂಡು ಎಲ್ಲಿಗೋ ಹೋಗುತ್ತದೆ, ಓಟಗಾರ್ತಿ ಮೂರನೆಯ ಬೇಸ್ ತಲುಪುತ್ತಾಳೆ. ತೀರ್ಪೇನು? ಕಾರಣವನ್ನು ‘ಏಕೆಂದರೆ’ ಎಂದು ಆರಂಭವಾಗುವ ಪೂರ್ಣವಾಕ್ಯದಲ್ಲಿ ಬರೆಯಿಸಿರಿ.

ಬ್ಯಾಟರ್ ಓಡುವ ಮೊದಲೇ ಔಟ್. ಔಟಾದವಳು ಓಡಿ ಎಸೆತವನ್ನು ಸೆಳೆದದ್ದು ಅಡ್ಡಿಯೇ ಎಂದು ಚುರುಕಿನ ಮಗುವೊಂದು ಕೇಳುತ್ತದೆ. ಬೇರೆಡೆ ಅದು ಅಡ್ಡಿಯಾಗಬಹುದು. ಈ ನಿಯಮದಡಿ ಓಡುವವಳಿಗೆ ಮಾತ್ರ ಅಮೆರಿಕದ ನಿಯಮ ವಿನಾಯಿತಿ ನೀಡಿದೆ. ಔಟಾದವರು ಎಷ್ಟು ಮಂದಿ, ಬೇಸ್ ಖಾಲಿಯೇ ಎಂಬುದನ್ನು ಕ್ಯಾಚರ್ ನೆನಪಿನಲ್ಲಿಟ್ಟುಕೊಳ್ಳಬೇಕಿತ್ತು. ಓಟಗಾರ್ತಿ ಮೂರನೆಯ ಬೇಸಿನಲ್ಲಿಯೇ ಉಳಿಯುತ್ತಾಳೆ. (ಮೈತಾಗಿಸಿ ತೊಂದರೆ ಕೊಟ್ಟಿದ್ದರೆ ಮಾತು ಬೇರೆ.) ಅಂಪೈರ್ ಆದವರು “ಬ್ಯಾಟರ್ ಔಟ್” ಎಂದು ಗಟ್ಟಿಯಾಗಿ ಕೂಗಿದ್ದರೆ ಗೊಂದಲದ ಅರ್ಧಭಾಗ ಅಲ್ಲಿಯೇ ಮುಗಿಯುತ್ತಿತ್ತು.

ಬಳಿಕ ‘ಒಬ್ಬಳು ಔಟಾಗಿದ್ದಾಳೆ’ ಎಂಬುದನ್ನು ‘ಇಬ್ಬರು ಔಟಾಗಿದ್ದಾರೆ’ ಎಂದು ಬದಲಿಸಿ, ಅದೇ ಸನ್ನಿವೇಶವನ್ನು ಮತ್ತೊಮ್ಮೆ ಆಡಿಸಿ, ತೀರ್ಪನ್ನು ಹೊಸದಾಗಿ ಬರೆಯಲು ಹೇಳಿರಿ.