ಮರದಚ್ಚಿನಲ್ಲಿ ರೂಪ ಮತ್ತು ವರ್ಣ

ಅಮೂರ್ತ ಚಿತ್ರದ ಮುಂದೆ ನಿಂತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಇದು ಏತರ ಚಿತ್ರ?’ ಎಂಬುದು. ‘ಬಣ್ಣ ಚೆಲ್ಲಿದ ಮಾತ್ರಕ್ಕೆ ಕಲೆಯಾದೀತೆ?’ ಎಂಬ ಆಕ್ಷೇಪ ಅದರ ಬೆನ್ನಿಗೇ ಬರುತ್ತದೆ. ಈ ಆಕ್ಷೇಪಕ್ಕೆ ಒಂದು ಮುದ್ರಣಚಿತ್ರವೇ ಸಮಾಧಾನ ಹೇಳಬಲ್ಲದೆಂದು ನನ್ನ ನಂಬುಗೆ. ಅಮೆರಿಕದ ಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್ (1928–2011) 1977ರಲ್ಲಿ ರಚಿಸಿದ ‘ಎಸೆನ್ಸ್ ಮಲ್ಬರಿ’, ಎಂದರೆ ಹಿಪ್ಪುನೇರಳೆಯ ಸಾರ, ಎಂಬುದೇ ಆ ಚಿತ್ರ.

ಎರಡನೆಯ ಮಹಾಯುದ್ಧದ ತರುವಾಯ ನ್ಯೂಯಾರ್ಕಿನಲ್ಲಿ ಪ್ರಬಲವಾದ ಅಮೂರ್ತ ಅಭಿವ್ಯಕ್ತಿ ಪಂಥದಲ್ಲಿ ಕ್ಷಣದ ಸ್ಫೂರ್ತಿಗೆ ಬಹಳ ಬೆಲೆ. ಜಾಕ್ಸನ್ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಅದರ ಮೇಲೆ ಬಣ್ಣ ಸುರಿದನು. ಫ್ರಾಂಕೆಂಥಾಲರ್ 1952ರಲ್ಲಿ ತೆಳುಮಾಡಿದ ತೈಲವರ್ಣವನ್ನು ಲೇಪವಿಲ್ಲದ ಬಟ್ಟೆಯಲ್ಲಿ ಇಂಗಿಸಿದಳು. ಮರದಚ್ಚಾದರೋ ಇದಕ್ಕೆ ತೀರ ವಿರುದ್ಧವಾದ ಕೆಲಸ. ಹಲಗೆಯನ್ನು ಕೊರೆಯಬೇಕು, ಬಣ್ಣಬಣ್ಣಕ್ಕೂ ಅಚ್ಚನ್ನು ಅಣಿಮಾಡಬೇಕು, ಒಂದೂ ಸ್ಥಳ ತಪ್ಪದಂತೆ ಒತ್ತಬೇಕು. ಇಷ್ಟು ಸಾವಧಾನದಲ್ಲಿ ಆ ಸ್ಫೂರ್ತಿ ಉಳಿಯುವುದೆಂತು?

1973ರ ತನ್ನ ಮೊದಲ ಮರದಚ್ಚಿನಲ್ಲಿಯೇ ಈಕೆ ಒಂದು ದಾರಿ ಕಂಡುಕೊಂಡಳು. ಹಲಗೆಯನ್ನೇ ಗರಗಸದಿಂದ ಬೇಕಾದ ಆಕಾರಗಳಿಗೆ ಕತ್ತರಿಸಿ, ಅವುಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು ಒತ್ತಿಸಿದಳು. ಅಲ್ಲಿ ರೂಪವನ್ನು ಬಂಧಿಸುವ ಗೆರೆಯಿಲ್ಲ. ಒಂದು ಬಣ್ಣ ಇನ್ನೊಂದನ್ನು ಕೂಡುವ ಎಡೆಯೇ ರೂಪದ ಅಂಚು.

‘ಎಸೆನ್ಸ್ ಮಲ್ಬರಿ’ ಸಿದ್ಧವಾದುದು ನ್ಯೂಯಾರ್ಕ್ ರಾಜ್ಯದಲ್ಲಿದ್ದ ಕೆನೆತ್ ಟೈಲರನ ಮುದ್ರಣಶಾಲೆಯಲ್ಲಿ. ಅದರ ಹೊರಗಿದ್ದ ಹಿಪ್ಪುನೇರಳೆ ಮರದ ಹಣ್ಣಿನ ರಸವನ್ನೇ ಆಕೆ ಕಾಗದದ ಮೇಲೆ ಹಚ್ಚಿ ನೋಡಿದಳು. ಆ ರಸದ ಕೆಂಪನ್ನು ನೆನಪಿಸುವ ವರ್ಣ ಚಿತ್ರದ ಮೇಲ್ಭಾಗವನ್ನು ತುಂಬಿದೆ. ಕೆಳಗೆ ಬರಿಯ ಕಾಗದಕ್ಕೂ ಧಾರಾಳವಾಗಿ ಎಡೆಯುಂಟು. ಆ ಕೆಂಪು ಸಪಾಟಾದ ಕೆಂಪಲ್ಲ. ಮರದ ಎಳೆಗಳು ಅದರೊಳಗಿಂದ ಇಣುಕುತ್ತವೆ. ಹಿಂದೆ ಬಟ್ಟೆಯ ನೂಲು ಮಾಡಿದ ಕೆಲಸವನ್ನು ಇಲ್ಲಿ ಮರದ ಎಳೆ ಮಾಡಿದೆ. ಕೆಳಗಣ ತೆರವು ಇಲ್ಲದಿದ್ದರೆ ಮೇಲಣ ವರ್ಣಕ್ಕೆ ಆ ಭಾರ ಬರುತ್ತಿರಲಿಲ್ಲ. ವರ್ಣವೇ ರೂಪವಾಗುವುದೆಂದರೆ ಇದೇ ಎಂದು ನಾನು ತಿಳಿದಿದ್ದೇನೆ.

ಒಂದೇ ಉಸಿರಿನಲ್ಲಿ ಮೂಡಿದಂತೆ ತೋರುವ ಈ ಚಿತ್ರವನ್ನು 46 ಪ್ರತಿಗಳ ಆವೃತ್ತಿಯಾಗಿ ಮುದ್ರಿಸಲಾಯಿತು. ಸುಮ್ಮನೆ ಚೆಲ್ಲಿದ ಬಣ್ಣ ಹೀಗೆ ಮತ್ತೆ ಮತ್ತೆ ಮರಳಿ ಬರಲಾರದು. ಸಹಜವಾಗಿ ಕಾಣುವುದರ ಹಿಂದೆ ಎಷ್ಟು ಸಂಯಮವಿರಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದುದರಿಂದ ಮಿತ್ರರು ಇಂಥ ಚಿತ್ರವನ್ನು ಕಂಡಾಗ ‘ಇದು ಏತರ ಚಿತ್ರ?’ ಎಂದು ಕೇಳುವ ಮೊದಲು, ಬಣ್ಣ ಎಲ್ಲಿ ನಿಂತಿದೆ, ಅಲ್ಲಿಯೇ ಏಕೆ ನಿಂತಿದೆ ಎಂದು ನೋಡಲಿ. ಅಲ್ಲಿಂದ ಚಿತ್ರವೇ ಮಾತನಾಡತೊಡಗುತ್ತದೆ.