ಹೆಲಿಕಾಪ್ಟರಿನ ಹೊರೆಯೂ ಸಮತೋಲನವೂ

ಯಶವಂತಪುರದ ರೈಲು ನಿಲ್ದಾಣಕ್ಕೆ ಎತ್ತಿನ ಗಾಡಿಗಳಲ್ಲಿ ಮೂಟೆ ಸಾಗಿಸುತ್ತಿದ್ದ ಕಾಲದ ರೈತರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿದ್ದಿತು. ಗಾಡಿಯು ಮುಂಭಾರವಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುವುದು. ಹಿಂಭಾರವಾದರೆ ನೊಗವು ಮೇಲಕ್ಕೆದ್ದು ಕೊರಳಿನ ಹಗ್ಗವು ಬಿಗಿಯುವುದು. ಗಾಳಿಯಲ್ಲಿ ಒಂದೇ ಸ್ಥಳದಲ್ಲಿ ನಿಲ್ಲುವ ಹೆಲಿಕಾಪ್ಟರಿಗೂ ಇದೇ ನ್ಯಾಯವು ಅನ್ವಯಿಸುವುದು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ 1965ರಿಂದ ಸಿದ್ಧವಾದ ಚೇತಕ್ ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಯಂತ್ರದ ತೂಕವು ಗುರುತ್ವಕೇಂದ್ರದ ಮೂಲಕ ಕೆಳಕ್ಕೆಳೆಯುವುದು. ಮೂರು ರೆಕ್ಕೆಗಳುಳ್ಳ ಮೇಲಿನ ಚಕ್ರವು ಗಾಳಿಯನ್ನು ಕೆಳಕ್ಕೆ ತಳ್ಳಿ, ಅಷ್ಟೇ ಶಕ್ತಿಯಿಂದ ಯಂತ್ರವನ್ನು ಎತ್ತಿ ಹಿಡಿಯುವುದು. ಮೇಲಿನಿಂದ ನೋಡಿದರೆ ಈ ಚಕ್ರವು ಗಡಿಯಾರದ ಮುಳ್ಳಿನಂತೆ ಬಲಸುತ್ತಾಗಿ ತಿರುಗುವುದರಿಂದ, ಒಡಲು ಎಡಸುತ್ತಾಗಿ ತಿರುಗಲೆಳಸುವುದು. ಇದನ್ನು ತಡೆಯಲು ಬಾಲದ ಸಣ್ಣ ಚಕ್ರವು ಬಾಲವನ್ನು ಎಡಗಡೆಗೆ ನೂಕುವುದು. ಒಡಲಿನ ತಿರುಗಾಟವು ನಿಂತರೂ ಈ ನೂಕಿನಿಂದ ಯಂತ್ರವೆಲ್ಲವೂ ಎಡಕ್ಕೆ ಸರಿಯತೊಡಗುವುದು. ಆದಕಾರಣ ಚಾಲಕನು ಮೇಲಿನ ಚಕ್ರವನ್ನು ಸ್ವಲ್ಪ ಬಲಗಡೆಗೆ ಓರೆಮಾಡತಕ್ಕದ್ದು. ಬಲಗಡೆಗೆಳೆಯುವ ಶಕ್ತಿಯು ಮೇಲೆಯೂ, ಎಡಗಡೆಯ ನೂಕು ಅದಕ್ಕಿಂತ ಕೆಳಗೂ ಇರುವುದರಿಂದ ಒಡಲು ಕೊಂಚ ಬಲಗಡೆಗೆ ವಾಲಿ ನಿಲ್ಲುವುದು. ಇದು ಯಂತ್ರದ ದೋಷವಲ್ಲ.

ಹಿಂದುಮುಂದಿನ ವಾಲಾದರೋ ಹೊರೆಯನ್ನು ಅನುಸರಿಸುವುದು. ಒಡಲು ಚಕ್ರದ ನಾಭಿಯಿಂದ ತೂಗುಹಾಕಿದಂತಿದ್ದು, ಗುರುತ್ವಕೇಂದ್ರವು ನಾಭಿಯ ನೇರ ಕೆಳಗೆ ಬರುವವರೆಗೆ ಸ್ಥೂಲವಾಗಿ ವಾಲುವುದು. 2000 ಕಿಲೋಗ್ರಾಂ ತೂಗುವ ಯಂತ್ರದಲ್ಲಿ 60 ಕಿಲೋಗ್ರಾಂ ಹೊರೆಯನ್ನು 1 ಮೀಟರು ಮುಂದಕ್ಕೆ ಸರಿಸಿದರೆ, 60ನ್ನು 2000ದಿಂದ ಭಾಗಿಸಲಾಗಿ, ಗುರುತ್ವಕೇಂದ್ರವು 3 ಸೆಂಟಿಮೀಟರು ಮುಂದೆ ಬರುವುದು. ನಾಭಿಯು ಆ ಕೇಂದ್ರಕ್ಕಿಂತ 1.5 ಮೀಟರು ಮೇಲಿದ್ದರೆ ಮೂತಿಯು ಸುಮಾರು 1 ಡಿಗ್ರಿ ತಗ್ಗುವುದು. ಆಗ ಯಂತ್ರವು ಮುಂದೆ ಸಾಗದಂತೆ ಚಾಲಕನು ಹಿಡಿಕೆಯನ್ನು ಹಿಂದಕ್ಕೆಳೆದು ಹಿಡಿಯಬೇಕು. ಹಿಡಿಕೆಯ ಓಟಕ್ಕೆ ಮಿತಿಯುಂಟು. ಹೊರೆಯು ಅತಿಯಾಗಿ ಮುಂಭಾರವಾದರೆ ಹಿಡಿಕೆಯು ಕೊನೆಮುಟ್ಟಿ, ಯಂತ್ರವನ್ನು ನಿಲ್ಲಿಸಲು ಚಾಲಕನಿಂದಾಗದು, ಪ್ರಾಣಾಪಾಯವೇ ಒದಗುವುದು.

ಔಷಧಿ ಸಿಂಪಡಿಸುವ ಹೆಲಿಕಾಪ್ಟರುಗಳಲ್ಲಿ ತೊಟ್ಟಿಗಳನ್ನು ಗುರುತ್ವಕೇಂದ್ರದ ಸಮೀಪದಲ್ಲಿಡುವುದು ಈ ಕಾರಣದಿಂದಲೇ. ತೊಟ್ಟಿಯು ಬರಿದಾಗುತ್ತ ಬಂದರೂ ಸಮತೋಲನವು ಹೆಚ್ಚು ಕೆಡಲಾರದು. ಅರೆತುಂಬಿದ ತೊಟ್ಟಿಯಲ್ಲಿ ದ್ರವವು ತುಳುಕಿ ಒಂದೇ ಕಡೆಗೆ ನುಗ್ಗದಂತೆ ಒಳಗೆ ಅಡ್ಡತಗಡುಗಳನ್ನು ಹಾಕುವುದುಂಟು.

ಈಗ ಹೊಲಗಳಲ್ಲಿ ಬಳಕೆಗೆ ಬಂದಿರುವ ಡ್ರೋನುಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಚಕ್ರಗಳು ಬಲಸುತ್ತಾಗಿಯೂ ಉಳಿದವು ಎಡಸುತ್ತಾಗಿಯೂ ತಿರುಗುವುದರಿಂದ ಬಾಲದ ಚಕ್ರವು ಬೇಕಾಗುವುದಿಲ್ಲ. ಹೊರೆಯ ನಿಯಮವು ಮಾತ್ರ ಅದೇ ಆಗಿರುವುದು. ಆದುದರಿಂದ ರೈತರು ತಯಾರಕರು ಗೊತ್ತುಮಾಡಿದ ಅಳತೆಗೆ ಮೀರಿ ಔಷಧಿಯನ್ನು ತುಂಬಬಾರದು. ತೊಟ್ಟಿಯನ್ನು ಅದರ ಸ್ಥಾನದಿಂದ ಕದಲಿಸಬಾರದು. ಹಾರಿಸುವುದಕ್ಕೆ ಮುಂಚೆ ಕೊಂಡಿಗಳು ಭದ್ರವಾಗಿರುವುವೇ ಎಂದು ಪರೀಕ್ಷಿಸತಕ್ಕದ್ದು.